ಅಳತೆ ತಪ್ಪಿದ್ದ ಉಬ್ಬರ

ಕುಬ್ಜ ಗೆಲಾಕ್ಸಿಗಳ ಆರ್ಭಟವೆಲ್ಲ ನಾಲ್ಕು ದಿನದ್ದು ಎಂಬ ಅಭಿಪ್ರಾಯ ಖಗೋಳ ವಿಜ್ಞಾನಿಗಳಲ್ಲಿ ಬಹುಕಾಲ ಇತ್ತು. ನಮ್ಮ ಕ್ಷೀರಪಥದ ಮುಂದೆ ಇವು ತೀರ ಸಣ್ಣವು. ಆದರೂ ಕೆಲವು ಇದ್ದಕ್ಕಿದ್ದಂತೆ ಎಂದಿಗಿಂತ ಹಲವು ಪಟ್ಟು ವೇಗದಲ್ಲಿ ನಕ್ಷತ್ರಗಳನ್ನು ಹೆರತೊಡಗುತ್ತವೆ. ಆ ಉಬ್ಬರ 50 ಲಕ್ಷದಿಂದ 1 ಕೋಟಿ ವರ್ಷದಲ್ಲಿ ಇಳಿದುಹೋಗುತ್ತದೆ ಎಂಬುದು ರೂಢಿಯ ಲೆಕ್ಕವಾಗಿತ್ತು.

ಉಬ್ಬರದ ಮಾತು ಬಂದದ್ದಕ್ಕೆ ಗಟ್ಟಿ ಕಾರಣವಿತ್ತು. 1972ರಲ್ಲಿ ಲಿಯೊನಾರ್ಡ್ ಸೀರ್ಲ್ ಮತ್ತು ವಾಲೆಸ್ ಸಾರ್ಜೆಂಟ್ ಎರಡು ನೀಲಿ ಕುಬ್ಜ ಗೆಲಾಕ್ಸಿಗಳ ಬೆಳಕನ್ನು ಬಿಡಿಸಿ ನೋಡಿದಾಗ ಆಮ್ಲಜನಕದಂಥ ಭಾರದ ಧಾತುಗಳು ತೀರ ಕಡಿಮೆ ಕಂಡವು. ಈಗಿನ ವೇಗದಲ್ಲೇ ಮೊದಲಿನಿಂದಲೂ ನಕ್ಷತ್ರಗಳು ಹುಟ್ಟುತ್ತಿದ್ದರೆ ಹೀಗಿರಲು ಸಾಧ್ಯವಿರಲಿಲ್ಲ. ಒಂದೋ ಇವು ಎಳೆಯ ಗೆಲಾಕ್ಸಿಗಳಾಗಿರಬೇಕು, ಇಲ್ಲವೇ ಬಹುಕಾಲ ಸುಮ್ಮನಿದ್ದು ಆಗೊಮ್ಮೆ ಈಗೊಮ್ಮೆ ಉಕ್ಕುವಂಥವು. ಇದರ ಜೊತೆಗೆ ಇನ್ನೊಂದು ತರ್ಕವೂ ಸೇರಿಕೊಂಡಿತು: ಹೊಸದಾಗಿ ಹುಟ್ಟಿದ ದೈತ್ಯ ನಕ್ಷತ್ರಗಳು ಬೇಗನೆ ಸೂಪರ್‌ನೋವಾ ಆಗಿ ಸಿಡಿದು, ಉಳಿದ ಅನಿಲವನ್ನು ಕಾಯಿಸಿ ಚದುರಿಸುತ್ತವೆ, ಉಬ್ಬರ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಅಳತೆಯೂ ತರ್ಕವೂ ಕೂಡಿಬಂದ ಮೇಲೆ ಅನುಮಾನಿಸುವವರು ಯಾರು?

ಆದರೆ ಅಳತೆ ನಡೆದದ್ದು ಎಲ್ಲಿ? ಹೆಚ್ಚಾಗಿ, ಥಳಥಳಿಸುವ ಒಂದೊಂದೇ ನಕ್ಷತ್ರಗುಚ್ಛದಲ್ಲಿ. ಕಾದ ಹೈಡ್ರೋಜನ್‌ನ ಕೆಂಬಣ್ಣ ಕೊಡುವ ಸುಳಿವೂ ಅಷ್ಟರದ್ದೇ: ಅದನ್ನು ಬೆಳಗಿಸುವ ದೈತ್ಯ ನಕ್ಷತ್ರಗಳು ಕೋಟಿ ವರ್ಷದೊಳಗೆ ಸಾಯುತ್ತವೆ, ಅವುಗಳೊಂದಿಗೆ ಸುಳಿವೂ ಅಳಿಯುತ್ತದೆ. ಲಕ್ಷದೀಪೋತ್ಸವಕ್ಕೆ ಹೋಗಿ, ಒಂದು ಹಣತೆ ಎಷ್ಟು ಹೊತ್ತು ಉರಿಯಿತೆಂದು ನೋಡಿ, ಉತ್ಸವ ಅಷ್ಟೇ ಹೊತ್ತು ನಡೆಯಿತು ಎಂದ ಹಾಗಾಯಿತು.

ಇಡೀ ಗೆಲಾಕ್ಸಿಯ ಹಳೆಯ ಲೆಕ್ಕ ತೆಗೆಯಲು ಬೇರೆ ಬಗೆಯ ಸಾಕ್ಷಿ ಬೇಕಿತ್ತು. ಅದು ಸಿಕ್ಕಿದ್ದು ಹೀಲಿಯಂ ಉರಿಸುವ ನೀಲಿ ನಕ್ಷತ್ರಗಳಲ್ಲಿ. ನಕ್ಷತ್ರವೊಂದು ತನ್ನ ಆಯುಷ್ಯದ ಬಹುಪಾಲನ್ನು ಹೈಡ್ರೋಜನ್ ಉರಿಸುತ್ತ ಕಳೆಯುತ್ತದೆ. ಆ ಹಂತದಲ್ಲಿ ಎಳೆಯದೂ ಹಳೆಯದೂ ಬೆರೆತುಹೋಗುವುದರಿಂದ ಪ್ರಾಯ ಹೇಳುವುದು ಕಷ್ಟ. ಹೀಲಿಯಂ ಹಂತ ಚಿಕ್ಕದು. ಅಲ್ಲಿ ನಕ್ಷತ್ರದ ಪ್ರಕಾಶ ಅದರ ತೂಕವನ್ನು ಹೇಳುತ್ತದೆ, ತೂಕ ಪ್ರಾಯವನ್ನು ಹೇಳುತ್ತದೆ. ಪ್ರಕಾಶಮಾನವಾದದ್ದು ಈಚಿನದು, ಮಂಕಾದದ್ದು ಹಿಂದಿನದು. ಹೀಗೆ ಸುಮಾರು 50 ಕೋಟಿ ವರ್ಷಗಳವರೆಗೆ ಹಿಂದಕ್ಕೆ ಹೋಗಬಹುದು. 1990ರ ದಶಕದಲ್ಲೇ ಮಿನ್ನೆಸೋಟ ವಿಶ್ವವಿದ್ಯಾಲಯದ ಇವಾನ್ ಸ್ಕಿಲ್‌ಮನ್ ಮತ್ತು ರಾಬಿ ಡೋಮ್-ಪಾಮರ್ ಈ ಉಪಾಯವನ್ನು ಹತ್ತಿರದ ಕುಬ್ಜ ಗೆಲಾಕ್ಸಿಗಳ ಮೇಲೆ ಪ್ರಯೋಗಿಸಿದ್ದರು.

ಅದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಕ್ರಿಸ್ಟನ್ ಮೆಕ್‌ಕ್ವಿನ್ ಉಬ್ಬರದ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಹಬಲ್ ದೂರದರ್ಶಕ ಹಿಂದೆಯೇ ತೆಗೆದು ಸಂಗ್ರಹದಲ್ಲಿಟ್ಟಿದ್ದ ಚಿತ್ರಗಳೇ ಸಾಕಾದವು. ಉತ್ತರ ಅಲ್ಲೇ ಬಿದ್ದಿತ್ತು, ಕೇಳುವವರು ಬೇಕಿತ್ತು. ಆರಿಸಿಕೊಂಡದ್ದು ಎನ್‌ಜಿಸಿ 4163, ಎನ್‌ಜಿಸಿ 4068 ಮತ್ತು ಐಸಿ 4662 ಎಂಬ ಮೂರು ಗೆಲಾಕ್ಸಿಗಳನ್ನು. 80 ಲಕ್ಷದಿಂದ 1.4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಇವುಗಳಲ್ಲಿ ನಕ್ಷತ್ರಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು. ಹೀಲಿಯಂ ಉರಿಸುವವನ್ನಷ್ಟೇ ಅಲ್ಲದೆ, ಕಾಣುವ ಪ್ರತಿ ನಕ್ಷತ್ರದ ಬಣ್ಣ, ಪ್ರಕಾಶ ಗುರುತಿಸಿ, ಯಾವ ಕಾಲದಲ್ಲಿ ಎಷ್ಟು ಹುಟ್ಟಿದ್ದರೆ ಇಂಥ ಚಿತ್ರ ಮೂಡುತ್ತದೆ ಎಂದು ಗಣಕದಲ್ಲಿ ತಾಳೆ ನೋಡಿದರು.

2009ರಲ್ಲಿ ಫಲಿತಾಂಶ ಪ್ರಕಟವಾಯಿತು: ಉಬ್ಬರದ ಅವಧಿ 20 ಕೋಟಿಯಿಂದ 40 ಕೋಟಿ ವರ್ಷ. ಒಂದು ಮೂಲೆಯ ಗುಚ್ಛ ಆರಿದರೆ ಇನ್ನೊಂದು ಮೂಲೆಯಲ್ಲಿ ಮತ್ತೊಂದು ಹೊತ್ತಿಕೊಳ್ಳುತ್ತ, ಉಬ್ಬರ ಗೆಲಾಕ್ಸಿಯ ಉದ್ದಗಲಕ್ಕೂ ಸಂಚರಿಸಿತ್ತು. ಹಿಂದಿನವರು ಅಳೆದ ಕೋಟಿ ವರ್ಷ ಸುಳ್ಳಲ್ಲ; ಅದು ಒಂದು ಮಿನುಗಿನ ಆಯಸ್ಸು, ಅಷ್ಟೆ.

ಮೂರೇ ಗೆಲಾಕ್ಸಿ ನೋಡಿ ತೀರ್ಪು ಕೊಡುವುದೇ? ಮರುವರ್ಷ ಇದೇ ತಂಡ ಸುಮಾರು 20 ಗೆಲಾಕ್ಸಿಗಳನ್ನು ಪರಿಶೀಲಿಸಿತು. ಹೆಚ್ಚಿನವುಗಳಲ್ಲಿ ಅವಧಿ 45ರಿಂದ 65 ಕೋಟಿ ವರ್ಷ. ಕೆಲವೆಡೆ 130 ಕೋಟಿಯವರೆಗೂ ಹೋಯಿತು. ಗೆಲಾಕ್ಸಿ ತನ್ನ ಸುತ್ತ ಒಂದು ಸುತ್ತು ತಿರುಗಲು ಬೇಕಾಗುವಷ್ಟು, ಕೆಲವು ಸಲ ಅದಕ್ಕೂ ಹೆಚ್ಚು ಕಾಲ ಇದು. ಉಬ್ಬರವನ್ನು ಸೂಪರ್‌ನೋವಾಗಳೇ ಬೇಗನೆ ನಂದಿಸುತ್ತವೆ ಎಂಬ ವಾದ ಇಲ್ಲಿಗೆ ಸಡಿಲವಾಯಿತು. ಅವು ಅಕ್ಕಪಕ್ಕದ ಅನಿಲವನ್ನು ಚದುರಿಸಬಹುದು, ಇಡೀ ಗೆಲಾಕ್ಸಿಯ ಹೆರಿಗೆಯನ್ನು ಅಷ್ಟು ಬೇಗ ನಿಲ್ಲಿಸಲಾರವು. ಉಬ್ಬರ ಹಲವು ಹತ್ತು ಪಟ್ಟು ಉದ್ದವಾದ ಮೇಲೆ, ಅದು ಸುತ್ತಲಿನ ಅನಿಲಕ್ಕೆ ಸುರಿದ ಒಟ್ಟು ಶಕ್ತಿಯ ಲೆಕ್ಕವನ್ನೂ ಹೊಸದಾಗಿ ಹಾಕಬೇಕಾಯಿತು.