ಲಕ್ಷ್ಮಮ್ಮ ಅಂದರೆ ಯಾವ ಲಕ್ಷ್ಮಮ್ಮ?

ಸೋಮವಾರ ಬೆಳಗ್ಗೆ ಆರೂಮುಕ್ಕಾಲು. ಮಂಡ್ಯ ಸೀಮೆಯ ಆಸ್ಪತ್ರೆಯೊಂದರಲ್ಲಿ ರಕ್ತ ತೆಗೆಯುವ ಕೋಣೆ. ಹೊರಗಿನ ಬೆಂಚುಗಳು ಆಗಲೇ ತುಂಬಿವೆ. ಬಂದವರೆಲ್ಲ ಖಾಲಿ ಹೊಟ್ಟೆಯವರು. ಅದಕ್ಕೇ ಏನೋ ಒಬ್ಬೊಬ್ಬರ ಮುಖದಲ್ಲೂ ಸಣ್ಣ ಸಿಡುಕು. ಒಬ್ಬ ಮಾತ್ರ ಟೀ ಕುಡಿದು ಬಂದಿದ್ದಾನೆ. ‘ಬರೀ ಟೀ ಕಣಕ್ಕ, ಸಕ್ರೆ ಕಮ್ಮಿ ಹಾಕಿಸ್ದೆ’ ಎಂದು ಕೌಂಟರಿನ ಹುಡುಗಿಯ ಜೊತೆ ವಾದಕ್ಕಿಳಿದಿದ್ದಾನೆ. ಅವಳು ತಲೆ ಎತ್ತದೆ, ‘ನಾಳೆ ಬನ್ನಿ ಅಣ್ಣ’ ಎನ್ನುತ್ತಾಳೆ. ಅವಳ ಬಲಗೈ ಪಕ್ಕದ ಪುಟ್ಟ ಪ್ರಿಂಟರ್ ಕಿರ್ರ್ ಎಂದು ಸ್ಟಿಕ್ಕರ್ ಉಗುಳುತ್ತಲೇ ಇದೆ.

ಸ್ಟಿಕ್ಕರ್ ಎರಡು ಬೆರಳಿನಗಲ. ಮೇಲೆ ಹೆಸರು, ವಯಸ್ಸು. ಕೆಳಗೆ ಕಪ್ಪು ಗೆರೆಗಳು. ಗೆರೆಗಳ ಬುಡದಲ್ಲೊಂದು ನಂಬರ್. ನೇರಳೆ ಮುಚ್ಚಳದ ಟ್ಯೂಬಿಗೊಂದು, ಬೂದು ಮುಚ್ಚಳಕ್ಕೊಂದು, ಹಳದಿಗೊಂದು. ನೇರಳೆಯದು ರಕ್ತಕಣ ಎಣಿಸಲಿಕ್ಕೆ, ಬೂದು ಶುಗರ್‌ಗೆ, ಹಳದಿ ಕಿಡ್ನಿ, ಲಿವರ್, ಥೈರಾಯ್ಡ್‌ಗೆ. ಅಂಟಿಸುವುದಕ್ಕೂ ಕ್ರಮವಿದೆ. ಟ್ಯೂಬನ್ನು ನೆಟ್ಟಗೆ ಹಿಡಿದರೆ ಗೆರೆಗಳು ಏಣಿಯ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಕಾಣಬೇಕು. ಬಳೆ ತೊಡಿಸಿದಂತೆ ಸುತ್ತಿಬಿಟ್ಟರೆ ಗೆರೆಗಳು ಟ್ಯೂಬಿನ ದುಂಡಿನಲ್ಲಿ ಮರೆಯಾಗಿ, ಒಳಗಿನ ಯಂತ್ರ ಓದಲಾರದೆ ಕಿರುಚುತ್ತದೆ.

ಈ ಗೆರೆಗಳ ಹಿಂದಿರುವ ತಂತ್ರಾಂಶಕ್ಕೆ ಲ್ಯಾಬೊರೇಟರಿ ಇನ್ಫರ್ಮೇಶನ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬ ಮಾರುದ್ದದ ಹೆಸರು. ಲಿಮ್ಸ್ ಎಂದು ಅದನ್ನು ಗಿಡ್ಡ ಮಾಡಿದ್ದಾರೆ. ಇಲ್ಲಿ ಯಾರೂ ಅದನ್ನೂ ಅನ್ನುವುದಿಲ್ಲ, ಬರೀ ‘ಸಿಸ್ಟಮ್ಮು’. ‘ಸಿಸ್ಟಮ್‌ಗೆ ಹಾಕಿದ್ರಾ?’ ‘ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ ಸಾರ್.’

ಸಿಸ್ಟಮ್ಮು ಬರುವ ಮುಂಚೆ ಉದ್ದನೆಯ ರಿಜಿಸ್ಟರ್ ಇತ್ತು. ಅದರಲ್ಲಿ ಪಹಣಿಯಲ್ಲಿ ಬರೆದ ಹಾಗೆ ಬರೆಯುತ್ತಿದ್ದರು: ಲಕ್ಷ್ಮಮ್ಮ ಕೋಂ ಇಂಥವರು, ಇಂಥ ಹಳ್ಳಿ. ಕೋಂ ಎಂದರೆ ಇಂಥವರ ಹೆಂಡತಿ; ಗಂಡಸಾದರೆ ಬಿನ್, ಇಂಥವರ ಮಗ. ನಮ್ಮ ಕಡೆ ಒಂದೇ ದಿನ ನಾಲ್ವರು ಲಕ್ಷ್ಮಮ್ಮಂದಿರು ಬಂದರೂ ಆಶ್ಚರ್ಯವಿಲ್ಲವಾದ್ದರಿಂದ ಆ ಕೋಂ ಎಂಬ ಒಂದಕ್ಷರ ದೊಡ್ಡ ಕೆಲಸ ಮಾಡುತ್ತಿತ್ತು. ಕಂಪ್ಯೂಟರಿನ ಚೌಕಗಳು ಬೇರೆ ದೇಶದ ಅಳತೆಯವು. ಮೊದಲ ಹೆಸರು, ಕೊನೆಯ ಹೆಸರು ಎಂದು ಕೇಳುತ್ತವೆ. ಲಕ್ಷ್ಮಮ್ಮನಿಗೆ ಇರುವುದು ಒಂದೇ ಹೆಸರು, ಮೊದಲಿನದೂ ಅದೇ ಕೊನೆಯದೂ ಅದೇ. ಇಂಗ್ಲಿಷಿನಲ್ಲಿ ಒಬ್ಬರು ಕೆಎಸ್‌ಎಚ್ ಹಾಕಿ ಬರೆದರೆ ಇನ್ನೊಬ್ಬರು ಎಕ್ಸ್ ಹಾಕುತ್ತಾರೆ. ಒಬ್ಬಳೇ ಹೆಂಗಸು ಸಿಸ್ಟಮ್‌ನಲ್ಲಿ ಇಬ್ಬರಾಗುತ್ತಾಳೆ. ಅದಕ್ಕೇ ನಂಬರ್. ಒಮ್ಮೆ ಕೊಟ್ಟ ನಂಬರು ಮತ್ತೊಬ್ಬರಿಗಿಲ್ಲ.

ನನಗೆ ಈ ನಂಬರಿನ ಮೇಲೆ ಗೌರವ ಹುಟ್ಟಲು ಕಾರಣ ನಮ್ಮಮ್ಮ. ರಿಜಿಸ್ಟರ್ ಕಾಲದಲ್ಲಿ, ಯಾವುದೋ ಒಂದು ಲ್ಯಾಬಿನಲ್ಲಿ, ಅವಳಿಗೆ ಹಿಮೋಗ್ಲೋಬಿನ್ 6.2 ಎಂದು ರಿಪೋರ್ಟ್ ಬಂತು. ರಕ್ತ ಹಾಕಿಸಬೇಕೆಂದು ನಾವು ದಾನಿಗಳನ್ನು ಹುಡುಕಲು ಹೊರಟಿದ್ದೆವು. ಡಾಕ್ಟರು ಅಮ್ಮನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿ, ಕಾಗದವನ್ನು ಮೇಜಿನ ಮೇಲೆ ಹಾಕಿ, ‘ಇದು ಈಯಮ್ಮಂದಲ್ಲ’ ಎಂದರು. ಹಾಗಾದರೆ 6.2 ಯಾರದ್ದು? ಚೆನ್ನಾಗಿದ್ದೀಯ ಹೋಗಮ್ಮ ಅನ್ನಿಸಿಕೊಂಡು ಮನೆಗೆ ನಡೆದ ಆ ಇನ್ನೊಬ್ಬ ತಾಯಿ ಯಾರೋ, ನಮಗೆ ಕೊನೆಗೂ ಗೊತ್ತಾಗಲಿಲ್ಲ.

ಒಳಗಿನ ಕೋಣೆಗೆ ಬಂದರೆ ಎ.ಸಿ.ಯ ಚಳಿ, ಸೆಂಟ್ರಿಫ್ಯೂಜಿನ ಗುಂಯ್. ಹೆಪ್ಪುಗಟ್ಟಿದ ರಕ್ತ ಹತ್ತು ನಿಮಿಷ ಗಿರಗಿರ ತಿರುಗಿ, ಕೆಳಗೆ ಕೆಂಪು, ಮೇಲೆ ಒಣಹುಲ್ಲಿನ ಬಣ್ಣದ ಸೀರಂ ಆಗಿ ಹೊರಬರುತ್ತದೆ. ಟ್ಯೂಬುಗಳ ಸಾಲು ಯಂತ್ರದೊಳಗೆ ಸರಿಯುತ್ತದೆ. ಯಂತ್ರ ಗೆರೆ ಓದಿ ಕಂಪ್ಯೂಟರನ್ನು ಕೇಳುತ್ತದೆ: ಈ ನಂಬರಿನವರಿಗೆ ಏನೇನು ಪರೀಕ್ಷೆ? ಉತ್ತರ ಬರುತ್ತದೆ: ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಶಿಯಂ. ಅಷ್ಟು ಮಾಡಿ ಯಂತ್ರ ಲೆಕ್ಕ ಒಪ್ಪಿಸುತ್ತದೆ. ಕೈಯಿಂದ ಅಂಕಿ ಬರೆಯುವುದೇ ಇಲ್ಲ, ಹಾಗಾಗಿ 1.4 ಎಂಬುದು 14 ಆಗುವುದೂ ಇಲ್ಲ. ಈ ಸವಾಲ್–ಜವಾಬಿಗೆ ಎಎಸ್‌ಟಿಎಂ, ಎಚ್‌ಎಲ್7 ಎಂಬ ವ್ಯಾಕರಣಗಳಿವೆ. ಎರಡನೆಯದರ ಕೆಲಸ ಅಮೆರಿಕದಲ್ಲಿ 1987ರಲ್ಲಿ ಶುರುವಾಯಿತು.

ಒಂಬತ್ತೂಕಾಲಿಗೆ ಪರದೆಯ ಒಂದು ಸಾಲು ಕೆಂಪಗಾಯಿತು. ವಾರ್ಡಿನಿಂದ ಬಂದ ಸ್ಯಾಂಪಲ್, ಪೊಟ್ಯಾಶಿಯಂ 8.6. ಮೂರೂವರೆಯಿಂದ ಐದರ ಆಸುಪಾಸಿನಲ್ಲಿರಬೇಕಾದದ್ದು ಅಷ್ಟೇರಿದರೆ ಹೃದಯ ಯಾವ ಕ್ಷಣದಲ್ಲಾದರೂ ನಿಲ್ಲಬಹುದು. ಹೊಸದಾಗಿ ಸೇರಿದ ಹುಡುಗ ಫೋನಿಗೆ ಕೈ ಹಾಕಿದ. ಸಾಲಿನ ಪಕ್ಕದಲ್ಲೇ ಸಿಸ್ಟಮ್ಮು ಇನ್ನೊಂದು ಅಂಕಿ ತೋರಿಸುತ್ತಿತ್ತು: ಇದೇ ರೋಗಿಗೆ ನಿನ್ನೆ 4.1. ಹಳೆಯದಕ್ಕೂ ಹೊಸದಕ್ಕೂ ತಾಳೆ ಹಾಕಿ ತಡೆಹಿಡಿಯುವ ಇದಕ್ಕೆ ಡೆಲ್ಟಾ ಚೆಕ್ ಎನ್ನುತ್ತಾರೆ.

ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಹಿರಿಯ ಟೆಕ್ನೀಶಿಯನ್ ಮೇಡಂ ಕನ್ನಡಕ ಹಣೆಗೇರಿಸಿ, ‘ಕ್ಯಾಲ್ಸಿಯಂ ಎಷ್ಟಿದೆ ನೋಡಪ್ಪ’ ಎಂದರು. ಪಾತಾಳಕ್ಕಿಳಿದಿತ್ತು. ‘ನೇರಳೆಯಿಂದ ಬಗ್ಗಿಸಿದಾರೆ’ ಎಂದು ಅವರೇ ವಾರ್ಡಿಗೆ ಫೋನ್ ಮಾಡಿದರು.

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇಡಿಟಿಎ ಎಂಬ ಲವಣ ಇರುತ್ತದೆ. ಆ ಲವಣದಲ್ಲಿ ಪೊಟ್ಯಾಶಿಯಂ ಇದೆ; ಕ್ಯಾಲ್ಸಿಯಂ ಸಿಕ್ಕರೆ ಅದನ್ನು ಕಟ್ಟಿಹಾಕುತ್ತದೆ. ಹಳದಿಗೆ ರಕ್ತ ಸಾಲದೆ ಬಂದಾಗ ಯಾರೋ ನೇರಳೆಯಿಂದ ಒಂದಿಷ್ಟು ಸುರಿದಿದ್ದರು, ಸಾರಿಗೆ ನೀರು ಬೆರೆಸಿದಷ್ಟು ಸಲೀಸಾಗಿ. ಮತ್ತೆ ತೆಗೆಸಿದ ರಕ್ತದಲ್ಲಿ 4.3 ಬಂತು. ಸಿಸ್ಟಮ್ಮು ಅನುಮಾನಪಟ್ಟಿತು, ಅಷ್ಟೇ. ಬಗ್ಗಿಸಿದ ಕೈಯನ್ನು ಕಂಡದ್ದು ಮೇಡಂ.

ಅಂಕಿ ನಿಜವಾಗಿದ್ದರೆ ಫೋನ್ ಹೋಗಲೇಬೇಕು. ಜೀವಕ್ಕೆ ಕುತ್ತು ತರುವ ಫಲಿತಾಂಶವನ್ನು ರಿಪೋರ್ಟಿಗೆ ಕಾಯದೆ ಡಾಕ್ಟರಿಗೆ ತಿಳಿಸುವ ಪದ್ಧತಿಯನ್ನು 1972ರಲ್ಲಿ ಜಾರ್ಜ್ ಲುಂಡ್‌ಬರ್ಗ್ ಎಂಬ ಅಮೆರಿಕದ ವೈದ್ಯ ಬರೆದು ಮುಂದಿಟ್ಟ. ಈಗ ಯಾರಿಗೆ ಹೇಳಿದಿರಿ, ಎಷ್ಟು ಗಂಟೆಗೆ, ಅವರು ಅಂಕಿಯನ್ನು ತಿರುಗಿ ಹೇಳಿದರಾ ಎಂಬುದನ್ನೆಲ್ಲ ತುಂಬದೆ ಸಿಸ್ಟಮ್ಮು ಮುಂದೆ ಬಿಡುವುದಿಲ್ಲ. ಬರೆದದ್ದನ್ನು ತಿದ್ದಬಹುದು, ಅಳಿಸುವಂತಿಲ್ಲ. ಹಳೆಯ ಅಂಕಿ, ತಿದ್ದಿದವರ ಹೆಸರು, ಹೊತ್ತು ಎಲ್ಲವೂ ಕೆಳಗೆ ಕೂತಿರುತ್ತವೆ. ರಿಜಿಸ್ಟರಿನಲ್ಲಿ ಬಿಳಿ ಇಂಕು ಬಳಿದು ಊದುತ್ತಿದ್ದವರಿಗೆ ಇದು ಇಂದಿಗೂ ಒಗ್ಗಿಲ್ಲ.

ಹನ್ನೊಂದಕ್ಕೆ ‘ಸರ್ವರ್ ಡೌನ್’ ಎಂಬ ಕೂಗೆದ್ದಿತು. ಬೀರುವಿನಿಂದ ಆ ಹಳೇ ಉದ್ದನೆ ರಿಜಿಸ್ಟರ್ ಹೊರಬಂತು; ಯಾರೂ ಗಾಬರಿಯಾಗಲಿಲ್ಲ. ಕಾಲು ಗಂಟೆಯಲ್ಲಿ ಪರದೆಗಳು ಬೆಳಗಿದವು.

ಮತ್ತೆ ಮುಂದಿನ ಕೋಣೆಗೆ ಬಂದೆ. ತೋಳಿನಿಂದ ಟ್ಯೂಬಿಗೆ, ಟ್ಯೂಬಿನಿಂದ ಸ್ಟಿಕ್ಕರಿಗೆ ಇರುವ ಮೊಳದಷ್ಟು ದಾರಿಯನ್ನು ಯಾವ ಸಿಸ್ಟಮ್ಮೂ ಕಾಣದು. ಅಲ್ಲಿ ತಪ್ಪಿದರೆ ಅದು ತಪ್ಪನ್ನೇ ಅಚ್ಚುಕಟ್ಟಾಗಿ ಕಾಪಾಡುತ್ತದೆ. ಅದಕ್ಕೆ ಒಂದು ನಿಯಮ: ‘ನೀವು ಲಕ್ಷ್ಮಮ್ಮನಾ?’ ಎಂದು ಕೇಳಕೂಡದು. ಕಿವಿ ಮಂದವಾದ ಅಜ್ಜಿ ಎಲ್ಲದಕ್ಕೂ ಹ್ಞೂಂ ಎನ್ನುತ್ತಾಳೆ. ಹೆಸರನ್ನು ಅವರ ಬಾಯಿಂದಲೇ ಹೇಳಿಸಬೇಕು, ಜೊತೆಗೆ ಇನ್ನೊಂದು ಗುರುತನ್ನೂ.

‘ನಿಮ್ಮ ಹೆಸ್ರೇನಜ್ಜಿ?’

‘ಲಕ್ಷ್ಮಮ್ಮ ಕಣವ್ವ.’

‘ಯಜಮಾನ್ರ ಹೆಸ್ರು?’

ಅಜ್ಜಿ ಸೆರಗನ್ನು ಬಾಯಿಗಿಟ್ಟುಕೊಂಡಳು. ಗಂಡನ ಹೆಸರು ಬಾಯಿಬಿಟ್ಟು ಹೇಳುವುದುಂಟೇ? ಸ್ವಲ್ಪ ತಡೆದು, ‘ಇವತ್ತು ಯಾವ ವಾರ ಮಗಾ?’ ಎಂದಳು.

‘ಸೋಮ್ವಾರ.’

‘ಹ್ಞಾ, ಅದೇಯ. ಅದ್ರ ಮುಂದಕ್ಕೆ ಗೌಡ.’

ರಕ್ತ ತೆಗೆಯುವ ಹುಡುಗಿ ಕೈಲಿದ್ದ ಚೀಟಿ ನೋಡಿದಳು. ಅದರಲ್ಲಿ ನಂಜೇಗೌಡ ಎಂದಿತ್ತು. ಸೂಜಿಯನ್ನು ಟ್ರೇಗೆ ವಾಪಸಿಟ್ಟು, ಬಾಗಿಲ ಕಡೆ ತಿರುಗಿ ಕೂಗಿದಳು: ‘ಲಕ್ಷ್ಮಮ್ಮ ಅಂತ ಇನ್ನೊಬ್ರು ಯಾರ್ರೀ ಇದ್ದೀರಾ?’

ಬೆಂಚಿನಿಂದ ಎರಡು ಕೈ ಮೇಲೆದ್ದವು.