ಋಣಭಾರ ಪತ್ರ ಹೇಳದ ಮಾತು

ಭಾನುವಾರ ಬೆಳಗ್ಗೆ ಬೆಂಗಳೂರಿನ ಹೊರವಲಯಕ್ಕೆ ಹೋದವರು ಈ ದೃಶ್ಯವನ್ನು ಕಂಡೇ ಇರುತ್ತಾರೆ. ಮೊನ್ನೆ ಮೊನ್ನೆಯವರೆಗೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸುಣ್ಣ ಬಳಿದ ಕಲ್ಲುಗಳು, ಬಣ್ಣದ ಬಾವುಟಗಳು, ಒಂದು ಶಾಮಿಯಾನ. ಹೆಂಡತಿ ಮಕ್ಕಳೊಡನೆ ಬಂದಿಳಿದ ಗೃಹಸ್ಥನು 30–40ರ ನಿವೇಶನವೊಂದರ ನಡುವೆ ನಿಂತು, ದೇವರ ಮನೆ ಯಾವ ಮೂಲೆಗೆ ಬರಬೇಕೆಂದು ಆಗಲೇ ಆಲೋಚಿಸತೊಡಗುತ್ತಾನೆ. “ಕಾಗದಪತ್ರದ ಚಿಂತೆ ಬೇಡಿ ಸ್ವಾಮಿ, ಇ.ಸಿ. ಶುದ್ಧವಾಗಿದೆ” ಎನ್ನುತ್ತಾನೆ ದಲ್ಲಾಳಿ. ಅವನ ಮಾತು ಸುಳ್ಳಾಗಿರಬೇಕೆಂದೇನೂ ಇಲ್ಲ. ತೊಡಕಿರುವುದು ಅಲ್ಲಿಯೇ.

ಇ.ಸಿ. ಎಂದರೆ ಋಣಭಾರ ಪತ್ರ. ಒಂದು ಸ್ವತ್ತಿನ ವಿಷಯವಾಗಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಏನೇನು ನೋಂದಣಿಯಾಗಿದೆ ಎಂಬುದರ ಪಟ್ಟಿ. 2004ರ ಏಪ್ರಿಲ್‌ನಿಂದ ಈಚಿನ ವಿವರ ಗಣಕಯಂತ್ರದಲ್ಲಿ ದೊರೆಯುತ್ತದೆ. ಅದಕ್ಕೆ ಹಿಂದಿನದಕ್ಕಾಗಿ ಕೈಬರಹದ ಪುಸ್ತಕಗಳನ್ನು ಹುಡುಕಿಸಬೇಕು. ಬಹುಮಂದಿ 13 ವರ್ಷಗಳ ಪತ್ರವನ್ನು ಪಡೆದು ತೃಪ್ತರಾಗುತ್ತಾರೆ. 30 ವರ್ಷಗಳಿಗಾದರೂ ಕೇಳುವುದು ಲೇಸು. ಆದರೆ ಎಷ್ಟು ವರ್ಷಗಳದನ್ನು ತರಿಸಿದರೂ, ನೋಂದಣಿಯಾಗದೆ ಉಳಿದುದನ್ನು ಆ ಪತ್ರ ಹೇಳಲಾರದು.

ಮಾರುವವನಿಗೆ ಒಬ್ಬಳು ಅಕ್ಕ ಇರಬಹುದು. ಮದುವೆಯಾಗಿ ದೂರದ ಊರಿನಲ್ಲಿರುವ ಆಕೆಯನ್ನು ಯಾರೂ ನೆನೆಯುವುದಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ನೀಡಿತು. ಅದು ಹುಟ್ಟಿನಿಂದಲೇ ಬಂದ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು. (2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ಮಾರಾಟಗಳನ್ನು ಈ ಕಾನೂನು ಕೆದಕುವುದಿಲ್ಲ.) ಆಕೆಯ ಸಹಿ ಇಲ್ಲದ ಕ್ರಯಪತ್ರವನ್ನು ನಂಬಿ ಮನೆ ಕಟ್ಟಿದವನು ಹತ್ತು ವರ್ಷದ ಮೇಲೆ ನ್ಯಾಯಾಲಯದ ನೋಟೀಸು ಪಡೆದರೆ, ಅಕ್ಕನನ್ನು ದೂರುವುದು ಸರಿಯಲ್ಲ; ಆಕೆ ಕೇಳುತ್ತಿರುವುದು ತನ್ನದನ್ನೇ. ಆದ್ದರಿಂದ ಮೊದಲು ನೋಡಬೇಕಾದುದು ವಂಶವೃಕ್ಷ. ಅದರಲ್ಲಿಯೂ ಹೆಣ್ಣುಮಕ್ಕಳ ಹೆಸರನ್ನು ಬಿಡುವ ಕುಟುಂಬಗಳುಂಟು. ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸಿದರೆ ಆ ಸಂಗತಿ ಹೊರಬರುತ್ತದೆ.

ವ್ಯಾಜ್ಯವೂ ಋಣಭಾರ ಪತ್ರದಲ್ಲಿ ಕಾಣದೆ ಹೋಗಬಹುದು. ದಾವೆ ನಡೆಯುತ್ತಿರುವಾಗ ಕೊಂಡವನು, ತನಗೆ ತಿಳಿಯದಿದ್ದರೂ ಆ ತೀರ್ಪಿಗೆ ಬದ್ಧನೆನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ, 1978ರ ಕರ್ನಾಟಕದ ಕಾನೂನಿನಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಅನೂರ್ಜಿತ. ಇನ್ನು ಖಾತೆ: ಅದು ತೆರಿಗೆಯ ಲೆಕ್ಕವೇ ಹೊರತು ಒಡೆತನದ ಪತ್ರವಲ್ಲ.

ನಮ್ಮ ಗ್ರಂಥಸಂಪಾದನೆಯ ತರಗತಿಯಲ್ಲಿ, ಪ್ರತಿಯಿಂದ ಪ್ರತಿಗೆ ಪಾಠ ಹೇಗೆ ಬದಲಾಯಿತೆಂದು ಹೋಲಿಸಿ ನೋಡುತ್ತೇವೆ. ಹಳೆಯ ಕ್ರಯಪತ್ರಗಳ ಚೆಕ್ಕುಬಂದಿಯನ್ನು ಹಾಗೆಯೇ ಓದಬೇಕು. ಅಜ್ಜನ ಪತ್ರದಲ್ಲಿ “ಪೂರ್ವಕ್ಕೆ ಹಳ್ಳ” ಎಂದಿದ್ದುದು ಮೊಮ್ಮಗನ ಪತ್ರದಲ್ಲಿ “ಪೂರ್ವಕ್ಕೆ ರಸ್ತೆ” ಎಂದಾಗಿದ್ದರೆ, ಹಳ್ಳ ಎಲ್ಲಿಗೆ ಹೋಯಿತೆಂದು ಕೇಳಲೇಬೇಕು. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ರಾಜಕಾಲುವೆಯ ಒತ್ತುವರಿಯೆಂದು ಮನೆಗಳನ್ನು ಕೆಡವಿದಾಗ, ನೋಂದಾಯಿತ ಕ್ರಯಪತ್ರವನ್ನೂ ಪಾಲಿಕೆಯೇ ಮಂಜೂರು ಮಾಡಿದ ನಕ್ಷೆಯನ್ನೂ ಕೈಯಲ್ಲಿ ಹಿಡಿದು ನಿಂತವರಿದ್ದರು. ತೆರವಿಗೆ ಆಧಾರವಾದುದು ಹಳೆಯ ಗ್ರಾಮನಕ್ಷೆಯ ಗೆರೆ. ಆ ನಕ್ಷೆ ಭೂಮಾಪನ ಇಲಾಖೆಯಲ್ಲಿ ಯಾರಿಗಾದರೂ ದೊರೆಯುತ್ತದೆ. ಅದರ ಬೆಲೆ ನಿವೇಶನದ ಬೆಲೆಯ ಮುಂದೆ ಕಾಸಿಗೂ ಸಮವಲ್ಲ.

ಇಷ್ಟನ್ನೆಲ್ಲ ಸಾಮಾನ್ಯ ಸಂಬಳದಾರನು ತಾನೇ ಮಾಡಲಾರನು, ನಿಜ. ವಕೀಲರು ಬೇಕು. ಆದರೆ ಆ ವಕೀಲರನ್ನು ಮಾರುವವನೇ ಒದಗಿಸುವ ಏರ್ಪಾಡು ಇತ್ತೀಚೆಗೆ ರೂಢಿಯಾಗಿದೆ; ನನಗದು ಹಿಡಿಸದು. ನಿಮ್ಮ ವಕೀಲರು ನಿಮ್ಮವರೇ ಆಗಿರಲಿ. ಮುಂಗಡ ಕೊಡುವ ಮೊದಲೇ ದಿನಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಲಿ. ಮಾರುವವನ ಹೆಸರಿನಲ್ಲಿ ನ್ಯಾಯಾಲಯದ ದಾಖಲೆಗಳನ್ನು ಹುಡುಕಲಿ. ನೀವು ಮಾತ್ರ ಭಾನುವಾರದ ಶಾಮಿಯಾನವಿಲ್ಲದ ಒಂದು ದಿನ, ಸಾಧ್ಯವಾದರೆ ಜೋರು ಮಳೆ ಬಂದ ಮಾರನೆಯ ದಿನ, ಒಬ್ಬರೇ ಆ ಹೊಲಕ್ಕೆ ಹೋಗಿಬನ್ನಿ. ಗ್ರಾಮನಕ್ಷೆ ಓದಲು ಬಾರದವರಿಗೂ ನೀರು ಹರಿದ ದಾರಿ ಅಂದು ಕಾಣುತ್ತದೆ.