ಗಡಿ ದಾಟಿದ ಕಪ್

1960ರ ಸೆಪ್ಟೆಂಬರ್ 25, ಭಾನುವಾರ. ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಡೌನ್ ಕೌಂಟಿಯ ಗೇಲಿಕ್ ಫುಟ್‌ಬಾಲ್ ತಂಡ ಕೆರಿ ಕೌಂಟಿಯನ್ನು ಸೋಲಿಸಿ ಅಖಿಲ ಐರ್ಲೆಂಡ್ ಚಾಂಪಿಯನ್ ಆಯಿತು. ಉತ್ತರ ಐರ್ಲೆಂಡಿನ ಆರು ಕೌಂಟಿಗಳ ಪೈಕಿ ಒಂದೂ ಅಲ್ಲಿಯವರೆಗೆ ಈ ಪಟ್ಟಕ್ಕೇರಿರಲಿಲ್ಲ. ಡೌನ್ ಅಂತೂ ಫೈನಲ್ ಮುಖವನ್ನೇ ಕಂಡಿರಲಿಲ್ಲ. ಎದುರಿಗೆ ನಿಂತಿದ್ದ ಕೆರಿ ಹಿಂದಿನ ವರ್ಷದ ಚಾಂಪಿಯನ್, ಅಷ್ಟರಲ್ಲಿ 19 ಸಲ ಗೆದ್ದಿದ್ದ ತಂಡ.

ಗೇಲಿಕ್ ಫುಟ್‌ಬಾಲ್ ಅನ್ನು ಮೊದಲ ಸಲ ನೋಡುವವರಿಗೆ ಅದು ನಾಲ್ಕೈದು ಆಟಗಳ ಕಲಸುಮೇಲೋಗರದಂತೆ ಕಾಣುತ್ತದೆ. ಒಂದೊಂದು ತಂಡದಲ್ಲಿ 15 ಜನ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಆದರೆ ನಾಲ್ಕು ಹೆಜ್ಜೆಗಿಂತ ಹೆಚ್ಚು ಹೊತ್ತು ಓಡುವಂತಿಲ್ಲ. ನೆಲಕ್ಕೆ ಪುಟಿಸಬೇಕು, ಇಲ್ಲವೇ ಓಡುತ್ತಲೇ ಕಾಲ್ಬೆರಳಿನಿಂದ ಮೇಲಕ್ಕೆ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಗೋಲು ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿರುತ್ತವೆ. ಚೆಂಡು ಅಡ್ಡಪಟ್ಟಿಯ ಮೇಲಿಂದ ಹೋದರೆ ಸಾಮಾನ್ಯವಾಗಿ ಒಂದು ಪಾಯಿಂಟ್, ಕೆಳಗಿನ ಬಲೆಗೆ ಬಿದ್ದರೆ ಗೋಲು, ಅಂದರೆ ಮೂರು ಪಾಯಿಂಟ್. ಅದಕ್ಕೇ ಅಂಕಗಳನ್ನು ಎರಡು ಭಾಗವಾಗಿ ಬರೆಯುವುದು. 2-10 ಎಂದರೆ ಎರಡು ಗೋಲು, ಹತ್ತು ಪಾಯಿಂಟ್, ಕೂಡಿದರೆ 16.

ಆಟವನ್ನು ನಡೆಸುವುದು 1884ರಲ್ಲಿ ತರ್ಲಸ್ ಪಟ್ಟಣದ ಒಂದು ಹೋಟೆಲಿನಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. ಇಲ್ಲಿ ಆಟಗಾರರಿಗೆ ಸಂಬಳವಿಲ್ಲ, ಆಟಗಾರರ ಹರಾಜೂ ಇಲ್ಲ. ಹುಟ್ಟಿ ಬೆಳೆದ ಊರಿನ ಕ್ಲಬ್ಬಿಗೆ ಆಡುವುದು, ಚೆನ್ನಾಗಿ ಆಡಿದರೆ ಆ ಕೌಂಟಿಯ ತಂಡ ಸೇರುವುದು, ಸೋಮವಾರ ಬೆಳಗ್ಗೆ ಮತ್ತೆ ಶಾಲೆಗೋ ಹೊಲಕ್ಕೋ ಹೋಗುವುದು. ಕೊರತೆಯಿರುವ ಜಾಗಕ್ಕೆ ಹೊರಗಿನಿಂದ ಒಬ್ಬನನ್ನು ಕೊಂಡು ತರುವ ದಾರಿ ಇಲ್ಲದ ಕಾರಣ, ದೊಡ್ಡ ಕೌಂಟಿಗಳು ದೊಡ್ಡದಾಗಿಯೇ, ಸಣ್ಣವು ಸಣ್ಣವಾಗಿಯೇ ಉಳಿಯುವುದು ಇಲ್ಲಿನ ವಾಡಿಕೆ. ಕೆರಿಯಲ್ಲಿ ಅಜ್ಜ ಗೆದ್ದದ್ದನ್ನು ಅಪ್ಪನೂ ಗೆದ್ದಿರುತ್ತಾನೆ, ಮಗನೂ ಗೆಲ್ಲುತ್ತಾನೆ. ಹೊಸ ಕೌಂಟಿಯೊಂದು ಈ ಸಾಲಿಗೆ ನುಗ್ಗಬೇಕಾದರೆ ಒಂದೇ ತಲೆಮಾರಿನಲ್ಲಿ ಹದಿನೈದು ಜನ ಒಟ್ಟಿಗೆ ಸಿಗಬೇಕು.

ಡೌನ್‌ಗೆ ಇದಕ್ಕಿಂತ ದೊಡ್ಡ ತೊಡಕೊಂದಿತ್ತು. 1921ರಲ್ಲಿ ಐರ್ಲೆಂಡ್ ಇಬ್ಭಾಗವಾದಾಗ ಆಂಟ್ರಿಮ್, ಆರ್ಮಾ, ಡೆರ್ರಿ, ಡೌನ್, ಫರ್ಮಾನಾ, ಟಿರೋನ್ ಈ ಆರು ಕೌಂಟಿಗಳು ಬ್ರಿಟನ್ನಿನ ಆಳ್ವಿಕೆಯಲ್ಲೇ ಉಳಿದವು. ದೇಶ ಒಡೆದರೂ ಗೇಲಿಕ್ ಸಂಸ್ಥೆ ಒಡೆಯಲಿಲ್ಲ. ಗಡಿಯ ಎರಡೂ ಕಡೆಯ ಕೌಂಟಿಗಳು ಒಂದೇ ಚಾಂಪಿಯನ್‌ಷಿಪ್ಪಿನಲ್ಲಿ ಆಡುತ್ತಿದ್ದವು. ಆದರೆ ಉತ್ತರದಲ್ಲಿ ಈ ಆಟ ಆಡುತ್ತಿದ್ದವರು ಬಹುಪಾಲು ಕ್ಯಾಥೊಲಿಕರು, ಐರಿಷ್ ರಾಷ್ಟ್ರೀಯವಾದದ ಕಡೆಯವರು. ಅಲ್ಲಿನ ಸರ್ಕಾರ, ಪೊಲೀಸು, ಬಹುಸಂಖ್ಯಾತರಾದ ಪ್ರಾಟೆಸ್ಟಂಟರು ಅದನ್ನು ಅನುಮಾನದಿಂದಲೇ ನೋಡುತ್ತಿದ್ದರು. ಡೌನ್ ಕೌಂಟಿಯಲ್ಲೂ ಪ್ರಾಟೆಸ್ಟಂಟರೇ ಹೆಚ್ಚು. ಹಾಗಾಗಿ ನಕ್ಷೆಯಲ್ಲಿ ದೊಡ್ಡದಾಗಿ ಕಾಣುವ ಕೌಂಟಿಯ ಫುಟ್‌ಬಾಲ್ ಬದುಕಿದ್ದುದು ಮೋರ್ನ್ ಬೆಟ್ಟಗಳ ಸುತ್ತಲಿನ ದಕ್ಷಿಣ ಭಾಗದಲ್ಲಿ, ನ್ಯೂರಿ ಪಟ್ಟಣದ ಆಸುಪಾಸಿನಲ್ಲಿ, ಪೂರ್ವದ ಕಡಲಂಚಿನ ಕೆಲವು ಊರುಗಳಲ್ಲಿ. ಅರ್ಧ ಕೌಂಟಿ ಇಟ್ಟುಕೊಂಡು ಇಡೀ ಐರ್ಲೆಂಡಿನ ಮೇಲೆ ಆಡಬೇಕಿತ್ತು.

ಆರು ಕೌಂಟಿಗಳಿಂದ ಪ್ರಯತ್ನಗಳು ಆಗಿರಲಿಲ್ಲ ಎಂದಲ್ಲ. ದೇಶ ಒಡೆಯುವ ಮೊದಲೇ, 1911 ಮತ್ತು 1912ರಲ್ಲಿ, ಆಂಟ್ರಿಮ್ ಫೈನಲ್ ತಲುಪಿ ಸೋತಿತ್ತು. 1953ರಲ್ಲಿ ಆರ್ಮಾ ಕೆರಿಯ ಎದುರು ಗೆಲುವಿನ ಹತ್ತಿರ ಬಂದು, ಪೆನಾಲ್ಟಿಯೊಂದನ್ನು ಹೊರಗೆ ಒದ್ದು ಕೈಚೆಲ್ಲಿತು. 1958ರಲ್ಲಿ ಡೆರ್ರಿ ಡಬ್ಲಿನ್‌ಗೆ ಸೋತಿತು. ಈ ಆರು ಕೌಂಟಿಗಳೂ ಸೇರಿದ ಅಲ್ಸ್ಟರ್ ಪ್ರಾಂತ್ಯದಲ್ಲಿ ಕಪ್ ಗೆದ್ದಿದ್ದು ಕ್ಯಾವನ್ ಮಾತ್ರ. ಅದು ಗಡಿಯ ದಕ್ಷಿಣಕ್ಕೆ, ಗಣರಾಜ್ಯದಲ್ಲಿದ್ದ ಕೌಂಟಿ. ಸೋತವರು ಪ್ರತಿ ಸಲವೂ ಧೀರೋದಾತ್ತವಾಗಿ ಸೋತರು, ಪತ್ರಿಕೆಗಳೂ ಹಾಗೆಯೇ ಹೊಗಳಿದವು. ಆ ಹೊಗಳಿಕೆಯೇ ಒಂದು ರೋಗವಾಗಿತ್ತೆನ್ನಬೇಕು.

ಅದಕ್ಕೆ ಮದ್ದು ಹುಡುಕಿದವರು ಆಟಗಾರರಲ್ಲ, ಕಾಗದಪತ್ರ ನೋಡಿಕೊಳ್ಳುತ್ತಿದ್ದ ಒಬ್ಬ ಕಾರ್ಯದರ್ಶಿ. 1950ರ ದಶಕದ ನಡುವಿನಲ್ಲಿ ಡೌನ್ ಮಂಡಳಿಯ ಕಾರ್ಯದರ್ಶಿಯಾದ ಮೋರಿಸ್ ಹೇಯ್ಸ್ ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದರು. ಕಿಲ್ಲಫ್ ಎಂಬ ಕಡಲೂರಿನವರು, ಸ್ವತಃ ಹರ್ಲಿಂಗ್ ಎಂಬ ಕೋಲು-ಚೆಂಡಿನ ಗೇಲಿಕ್ ಆಟದ ಆಟಗಾರರು. ಹತ್ತು ವರ್ಷದೊಳಗೆ ಅಖಿಲ ಐರ್ಲೆಂಡ್ ಗೆಲ್ಲುವುದು ಅವರ ಯೋಜನೆ. ಅಲ್ಸ್ಟರ್ ಪ್ರಾಂತ್ಯದ ಚಾಂಪಿಯನ್ ಕೂಡ ಒಮ್ಮೆಯೂ ಆಗದ ಕೌಂಟಿಯಲ್ಲಿ ಈ ಮಾತು ಹಗಲುಗನಸಿನಂತೆ ಕೇಳಿಸಿರಬೇಕು. ಆದರೆ ಹೇಯ್ಸ್ ಕನಸುಗಾರರಾಗಿದ್ದುದಕ್ಕಿಂತ ಹೆಚ್ಚು ಆಡಳಿತಗಾರರು. ಮುಂದೆ ಅವರು ಉತ್ತರ ಐರ್ಲೆಂಡಿನ ಓಂಬುಡ್ಸ್‌ಮನ್ ಆದರು, ಡಬ್ಲಿನ್ನಿನ ಸೆನೆಟ್ ಸದಸ್ಯರಾದರು, ಉತ್ತರದ ಪೊಲೀಸ್ ವ್ಯವಸ್ಥೆಯನ್ನು ಬದಲಿಸಿದ ಪ್ಯಾಟನ್ ಆಯೋಗದಲ್ಲಿ ಕೂತರು. ಅಂಥ ಬುದ್ಧಿ ಮೊದಲು ಪಳಗಿದ್ದು ಒಂದು ಫುಟ್‌ಬಾಲ್ ತಂಡದ ಮೇಲೆ.

ಆ ಕಾಲದಲ್ಲಿ ಕೌಂಟಿ ತಂಡಗಳನ್ನು ಆರಿಸುತ್ತಿದ್ದುದು ದೊಡ್ಡ ಸಮಿತಿಗಳು. ಪ್ರತಿ ಸದಸ್ಯನಿಗೂ ತನ್ನ ಕ್ಲಬ್ಬಿನ ಹುಡುಗನೇ ಮುಖ್ಯ. ಡೌನ್ ಇದನ್ನು ಮುರಿದು ಅಧಿಕಾರವನ್ನು ಕೆಲವೇ ಜನರ ಕೈಗೆ ಕೊಟ್ಟಿತು. ಬಾರ್ನಿ ಕಾರ್ ತಂಡದ ಮ್ಯಾನೇಜರ್, ಡ್ಯಾನಿ ಫ್ಲಿನ್ ತರಬೇತುದಾರ, ಡಾಕ್ಟರ್ ಮಾರ್ಟಿನ್ ವಾಲ್ಷ್ ಜೊತೆಗೆ. ಮ್ಯಾನೇಜರ್ ಎಂಬ ಹುದ್ದೆ ಗೇಲಿಕ್ ಆಟಗಳಲ್ಲಿ ಇಂದು ಸಾಮಾನ್ಯ. ಆಗ ಅದು ಪರವೂರಿನ ಮಾತು. ತಂಡ ಟ್ರ್ಯಾಕ್ ಸೂಟ್ ತೊಟ್ಟು ಮೈದಾನಕ್ಕಿಳಿದಾಗ ನಕ್ಕವರೂ ಇದ್ದರಂತೆ.

ಇನ್ನೊಂದು ಕಾರಣ ಮೈದಾನದ ಹೊರಗಿನದು. 1947ರ ಶಿಕ್ಷಣ ಕಾಯ್ದೆಯಿಂದ ಉತ್ತರ ಐರ್ಲೆಂಡಿನಲ್ಲಿ ಬಡಮನೆಯ ಕ್ಯಾಥೊಲಿಕ್ ಮಕ್ಕಳಿಗೂ ಪ್ರೌಢಶಾಲೆ, ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಅದನ್ನು ತಂದದ್ದು ಇದೇ ಮಕ್ಕಳ ಹಿರಿಯರು ನಂಬದಿದ್ದ ಸರ್ಕಾರ. ಡೌನ್ ತಂಡದ ಹಲವರು ಈ ತಲೆಮಾರಿನವರು. ನ್ಯೂರಿಯ ಶಾನ್ ಓನೀಲ್ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಜೋ ಲೆನನ್ ಇಂಗ್ಲೆಂಡಿನ ಲಫ್‌ಬರೋದಲ್ಲಿ ದೈಹಿಕ ಶಿಕ್ಷಣ ಕಲಿತವರು. ಹೇಳಿದ್ದನ್ನು ಕೇಳಿಕೊಂಡು ಸುಮ್ಮನಿರುವ ಜಾಯಮಾನ ಇವರದಲ್ಲ. ಆಟವನ್ನು ಬಿಡಿಸಿ ನೋಡಿ ಮತ್ತೆ ಜೋಡಿಸುವ ಅಭ್ಯಾಸ ಇವರಿಗಿತ್ತು.

1959ರಲ್ಲಿ ಡೌನ್ ಫೈನಲ್ಲಿನಲ್ಲಿ ಕ್ಯಾವನ್ ತಂಡವನ್ನು ಮಣಿಸಿ ಮೊದಲ ಸಲ ಅಲ್ಸ್ಟರ್ ಗೆದ್ದಿತು. ಆ ವರ್ಷ ಸೆಮಿಫೈನಲ್ಲಿನಲ್ಲಿ ಗಾಲ್ವೇ ತಡೆಯಿತು. 1960ರ ವಸಂತದಲ್ಲಿ ರಾಷ್ಟ್ರೀಯ ಲೀಗ್ ಬಂತು, ಬೇಸಿಗೆಯಲ್ಲಿ ಮತ್ತೆ ಅಲ್ಸ್ಟರ್. ಸೆಮಿಫೈನಲ್ಲಿನಲ್ಲಿ ಆಫಲಿ ಎದುರು ಪಂದ್ಯ ಸೋಲಿನ ದವಡೆಗೆ ಹೋಗಿತ್ತು. ಆಗ ಡೌನ್‌ನ ಜೇಮ್ಸ್ ಮೆಕಾರ್ಟನ್ ಗೋಲಿನ ಮುಂದೆ ಬಿದ್ದರು, ರೆಫರಿ ಪೆನಾಲ್ಟಿ ಕೊಟ್ಟರು, ಪ್ಯಾಡಿ ಡೊಹರ್ಟಿ ಅದನ್ನು ಗೋಲಾಗಿಸಿ ಪಂದ್ಯ ಸಮ ಮಾಡಿದರು. ಆ ಪೆನಾಲ್ಟಿ ಕೊಡಬೇಕಿತ್ತೇ ಎಂಬ ಜಗಳ ಆಫಲಿಯಲ್ಲಿ ದಶಕಗಳ ಕಾಲ ನಡೆಯಿತು. ಮರುಪಂದ್ಯದಲ್ಲಿ ಡೌನ್ ಎರಡೇ ಪಾಯಿಂಟ್ ಅಂತರದಿಂದ ದಾಟಿತು.

ಫೈನಲ್ಲಿಗೆ 87,768 ಜನ ಸೇರಿದ್ದರು. ಐರ್ಲೆಂಡಿಗೆ ಸ್ವಂತ ಟೆಲಿವಿಷನ್ ಕೇಂದ್ರ ಬರಲು ಇನ್ನೂ ವರ್ಷಕ್ಕಿಂತ ಹೆಚ್ಚು ಬೇಕಿತ್ತು, ಉಳಿದವರಿಗೆ ಮೈಕಲ್ ಓಹೇರ್ ಅವರ ರೇಡಿಯೊ ವೀಕ್ಷಕ ವಿವರಣೆಯೇ ಗತಿ. ಕೆರಿಯ ಶೈಲಿ ಹಳೆಯದು, ಚೆಲುವಾದದ್ದು. ಎತ್ತರದ ಚೆಂಡಿಗೆ ನೆಗೆದು ಎರಡೂ ಕೈಯಲ್ಲಿ ಹಿಡಿ, ದೂರಕ್ಕೆ ಒದೆ. ಮಧ್ಯಮೈದಾನದಲ್ಲಿ ಅದನ್ನು ಮಾಡುತ್ತಿದ್ದವರು ವ್ಯಾಲೆನ್ಷಿಯಾ ದ್ವೀಪದ ಮಿಕ್ ಓಕಾನೆಲ್. ನೆಗೆತದಲ್ಲಿ ಅವರನ್ನು ಮೀರಿಸುವವರು ಆಗ ಇರಲಿಲ್ಲ. ಡೌನ್ ಮೀರಿಸಲು ಹೋಗಲೂ ಇಲ್ಲ. ಜೋ ಲೆನನ್ ಮತ್ತು ಜಾರ್ಲತ್ ಕೇರಿ ಓಕಾನೆಲ್ ಜೊತೆಗೇ ನೆಗೆದು, ಚೆಂಡನ್ನು ಹಿಡಿಯುವ ಬದಲು ಮುಷ್ಟಿಯಿಂದ ಗುದ್ದಿ ಕೆಳಗೆ ಕೆಡವಿದರು. ಕೆಳಗೆ ಬಿದ್ದ ಚೆಂಡಿಗೆ ಡೌನ್‌ನ ಚುರುಕುಕಾಲಿನವರು ಮೊದಲೇ ಕಾದಿದ್ದರು. ಮುಂಚೂಣಿಯ ಆರು ಮಂದಿ ತಮ್ಮ ತಮ್ಮ ಜಾಗದಲ್ಲಿ ಕಂಬದಂತೆ ನಿಲ್ಲದೆ ಜಾಗ ಬದಲಿಸುತ್ತ ಓಡುತ್ತಿದ್ದರು. ಕಾವಲಿಗೆ ನಿಂತವರಿಗೆ ಯಾರ ಬೆನ್ನು ಹತ್ತಬೇಕೆಂದು ತಿಳಿಯದ ಸ್ಥಿತಿ. ಹಳೆಯ ಆಟದ ಅಭಿಮಾನಿಗಳು ಇದನ್ನು ಆಟ ಕೆಡಿಸುವ ಆಟವೆಂದು ಗೊಣಗಿದರು. ಗೊಣಗಿದ್ದರಲ್ಲಿ ಸ್ವಲ್ಪ ನಿಜವೂ ಇತ್ತು, ಆದರೆ ಕೆರಿಯ ಬಳಿ ಅದಕ್ಕೆ ಉತ್ತರವಿರಲಿಲ್ಲ.

ದ್ವಿತೀಯಾರ್ಧದಲ್ಲಿ, ಪಂದ್ಯ ಎತ್ತ ಬೇಕಾದರೂ ವಾಲಬಹುದಾದ ಹೊತ್ತಿನಲ್ಲಿ, ಜೇಮ್ಸ್ ಮೆಕಾರ್ಟನ್ ದೂರದಿಂದ ಚೆಂಡನ್ನು ಗೋಲಿನತ್ತ ಎತ್ತಿ ಒದ್ದರು. ಅಂಥ ಅಪಾಯದ ಒದೆತವೇನೂ ಅಲ್ಲ. ಚೆಂಡು ತೇಲಿಕೊಂಡು ಇಳಿಯಿತು, ಕೆರಿಯ ಗೋಲ್‌ಕೀಪರ್ ಜಾನಿ ಕಲೊಟಿ ಕೈಚಾಚಿದರು, ಕೈಯಿಂದ ಜಾರಿದ ಚೆಂಡು ಗೆರೆ ದಾಟಿ ಬಲೆಗೆ ಬಿತ್ತು. ಕೆರಿ ಸಾವರಿಸಿಕೊಳ್ಳುವಷ್ಟರಲ್ಲಿ ಡೊಹರ್ಟಿಯನ್ನು ಗೋಲಿನ ಮುಂದೆ ಕೆಡವಿದರು; ಪೆನಾಲ್ಟಿಯನ್ನು ಡೊಹರ್ಟಿಯೇ ಒದ್ದು ಎರಡನೇ ಗೋಲು ಮಾಡಿದರು. ಎರಡು ಮೂರು ನಿಮಿಷದಲ್ಲಿ ಆರು ಪಾಯಿಂಟ್. ಕೊನೆಗೆ ಡೌನ್ 2-10, ಕೆರಿ 0-8.

ಗೆದ್ದವರಿಗೆ ಸಿಗುವುದು ಸ್ಯಾಮ್ ಮಗ್ವಾಯರ್ ಕಪ್. ಪುರಾತನ ಆರ್ಡಾ ಪಾತ್ರೆಯ ಮಾದರಿಯಲ್ಲಿ ಮಾಡಿದ ಬೆಳ್ಳಿಯ ಕಪ್, 1928ರಿಂದ ಕೊಡುತ್ತ ಬಂದದ್ದು. ಕಾರ್ಕ್ ಕೌಂಟಿಯ ಸ್ಯಾಮ್ ಮಗ್ವಾಯರ್ ಲಂಡನ್ನಿನ ಅಂಚೆ ಇಲಾಖೆಯಲ್ಲಿದ್ದುಕೊಂಡೇ ಐರಿಷ್ ಸ್ವಾತಂತ್ರ್ಯಕ್ಕೆ ಗುಟ್ಟಾಗಿ ದುಡಿದವರು, ಮತ್ತು ಪ್ರಾಟೆಸ್ಟಂಟರು. ಉತ್ತರದ ಮತಗಳ ಕಂದಕದ ಎರಡೂ ದಡದವರು ಆ ಹೆಸರನ್ನು ಕೇಳಿದ್ದರೂ ಈ ವಿವರವನ್ನು ನೆನೆಯುತ್ತಿದ್ದುದು ಕಡಿಮೆ.

ಡಬ್ಲಿನ್ನಿನಿಂದ ಮರಳುವ ದಾರಿ ನ್ಯೂರಿಯ ದಕ್ಷಿಣದಲ್ಲಿ ಗಡಿ ದಾಟುತ್ತದೆ. 1960ರಲ್ಲಿ ಅಲ್ಲಿ ಸುಂಕದ ಕಟ್ಟೆಗಳಿದ್ದವು. 1956ರಲ್ಲಿ ಐಆರ್‌ಎ ಎಂಬ ಸಶಸ್ತ್ರ ಐರಿಷ್ ಸಂಘಟನೆ ಆರಂಭಿಸಿದ್ದ ಗಡಿ ದಾಳಿಗಳು ಇನ್ನೂ ನಿಂತಿರಲಿಲ್ಲ. ಐರಿಷ್ ತ್ರಿವರ್ಣ ಧ್ವಜ ಹಾರಿಸಿದರೆ 1954ರ ಕಾಯ್ದೆಯಡಿ ಪೊಲೀಸರು ಕಿತ್ತುಹಾಕಬಹುದಿತ್ತು. ಆ ಗಡಿಯನ್ನು ತಂಡದ ನಾಯಕ, ಶಾಲಾ ಮೇಷ್ಟ್ರು ಕೆವಿನ್ ಮಸ್ಸನ್ ಕಪ್ ಹಿಡಿದುಕೊಂಡು ದಾಟಿದರು. ಬೆಟ್ಟದ ಮೇಲೆಲ್ಲ ಬೆಂಕಿ ಹೊತ್ತಿಸಿದ್ದರು, ಊರೂರಿನಲ್ಲೂ ಜನ ರಸ್ತೆಗೆ ಬಂದಿದ್ದರು. ತಂಡದ ಬಣ್ಣ ಕೆಂಪು, ಕಪ್ಪು. ಅವುಗಳ ಮೇಲೆ ಯಾವ ಕಾಯ್ದೆಯೂ ಇರಲಿಲ್ಲ.

ಮೊದಲ ಗೆಲುವನ್ನು ಅದೃಷ್ಟ ಎನ್ನಬಹುದು. 1961ರಲ್ಲಿ ಡೌನ್ ಸೆಮಿಫೈನಲ್ಲಿನಲ್ಲಿ ಕೆರಿಯನ್ನು ಮತ್ತೆ ಸೋಲಿಸಿತು. ಫೈನಲ್ಲಿನಲ್ಲಿ ಎದುರಾದದ್ದು ಹಳೆಯ ಜಗಳದ ಆಫಲಿ. ಅಂದು ಕ್ರೋಕ್ ಪಾರ್ಕಿನಲ್ಲಿ 90,556 ಜನ. ಗೇಲಿಕ್ ಪಂದ್ಯವೊಂದಕ್ಕೆ ಅಷ್ಟು ಜನ ಹಿಂದೆ ಸೇರಿರಲಿಲ್ಲ, ಮುಂದೆಯೂ ಸೇರಲಿಲ್ಲ. ಹೊಸದಾಗಿ ಕಟ್ಟಿದ ಇಂದಿನ ಮೈದಾನಕ್ಕೆ ಹಿಡಿಸುವುದೇ ಸುಮಾರು 82,300 ಜನ. ಆಫಲಿ ಆರಂಭದಲ್ಲೇ ಎರಡು ಗೋಲು ಹೊಡೆದು ಮುಂದೋಡಿತು. ಡೌನ್ ವಿರಾಮಕ್ಕೆ ಮೊದಲೇ ಮೂರು ಗೋಲು ಹಿಂದಿರುಗಿಸಿತು: ಮೆಕಾರ್ಟನ್, ಓನೀಲ್, ಬ್ರೀನ್ ಮಾರಿಸನ್. ಮುಗಿದಾಗ 3-6, 2-8. ಅಂತರ ಒಂದೇ ಪಾಯಿಂಟ್. ಆ ಎರಡೂ ವರ್ಷ ದೇಶದ ವರ್ಷದ ಆಟಗಾರನ ಪ್ರಶಸ್ತಿ ಮೆಕಾರ್ಟನ್ ಅವರದೇ.

ಆಮೇಲಿನ ಕೆಲವು ವರ್ಷ ಡೌನ್ ಅಲ್ಸ್ಟರಿನಲ್ಲಿ ಬಲವಾಗಿಯೇ ಇದ್ದರೂ ಕಪ್ ದಕ್ಕಲಿಲ್ಲ. 1964ರಲ್ಲಿ ಲೆನನ್ ಗೇಲಿಕ್ ಫುಟ್‌ಬಾಲ್ ತರಬೇತಿಯ ಬಗ್ಗೆ ಪುಸ್ತಕ ಬರೆದರು, ಗಾರ್ಮನ್‌ಸ್ಟನ್ನಿನಲ್ಲಿ ತರಬೇತುದಾರರಿಗೆ ಶಿಬಿರ ನಡೆಸಿದರು. ಅಂದರೆ ಡೌನ್ ತನ್ನ ಗುಟ್ಟನ್ನು ತಾನೇ ಎಲ್ಲರಿಗೂ ಹಂಚಿತು. ಆದರೂ 1968ರಲ್ಲಿ ಲೆನನ್ ನಾಯಕತ್ವದಲ್ಲೇ ಮೂರನೇ ಸಲ ಗೆದ್ದರು, ಮತ್ತೆ ಕೆರಿಯ ಎದುರು, 2-12ಕ್ಕೆ 1-13. ಆ ಪಂದ್ಯದ ಆರಂಭದಲ್ಲಿ ಕಂಬಕ್ಕೆ ಬಡಿದು ಮರಳಿದ ಚೆಂಡನ್ನು ಓನೀಲ್ ಓಡುತ್ತ ಬಂದವರೇ ಕಾಲುತುದಿಯಿಂದ ಬಲೆಗೆ ತಳ್ಳಿದ ಗೋಲನ್ನು ಅಲ್ಲಿನವರು ಇಂದಿಗೂ ವರ್ಣಿಸುತ್ತಾರೆ. ಸಹಸ್ರಮಾನದ ತಂಡವೆಂದು ಗೇಲಿಕ್ ಸಂಸ್ಥೆ ಆರಿಸಿದ ಹದಿನೈದು ಜನರಲ್ಲಿ ಓನೀಲ್ ಒಬ್ಬರು.

ಮರುವರ್ಷ ಉತ್ತರ ಐರ್ಲೆಂಡಿನ ಬೀದಿಗಳಲ್ಲಿ ಹಿಂಸೆ ಭುಗಿಲೆದ್ದಿತು. ಮುಂದಿನ ಎರಡು ದಶಕ ಆರು ಕೌಂಟಿಗಳಿಗೆ ಕಪ್ ಹೋಗಲಿಲ್ಲ. 1991ರಲ್ಲಿ ಪೀಟ್ ಮೆಗ್ರಾತ್ ತರಬೇತಿಯ ಡೌನ್ ಮೀತ್ ತಂಡವನ್ನು 1-16, 1-14ರಿಂದ ಮಣಿಸಿ ಬರಗಾಲ ಮುಗಿಸಿತು. ಅದರ ಬೆನ್ನಿಗೇ 1992ರಲ್ಲಿ ಡೊನಿಗಾಲ್, 1993ರಲ್ಲಿ ಡೆರ್ರಿ, 1994ರಲ್ಲಿ ಮತ್ತೆ ಡೌನ್: ನಾಲ್ಕು ವರ್ಷ ಕಪ್ ಅಲ್ಸ್ಟರ್ ಬಿಟ್ಟು ಕದಲಲಿಲ್ಲ. 2002ರಲ್ಲಿ ಆರ್ಮಾ, 2003ರಲ್ಲಿ ಟಿರೋನ್ ತಮ್ಮ ತಮ್ಮ ಮೊದಲ ಕಪ್ ಗೆದ್ದವು.

1994ರ ಫೈನಲ್ಲಿನಲ್ಲಿ ಡೌನ್ ಪರವಾಗಿ ಗೋಲು ಹೊಡೆದವನ ಹೆಸರೂ ಜೇಮ್ಸ್ ಮೆಕಾರ್ಟನ್. 1960ರ ಮೆಕಾರ್ಟನ್ ಅವರ ಮಗ. 2010ರಲ್ಲಿ ಆ ಮಗನೇ ಮ್ಯಾನೇಜರ್ ಆಗಿ ತಂಡವನ್ನು ಫೈನಲ್ಲಿಗೆ ತಂದರು. ಅಲ್ಲಿಯವರೆಗೆ ಡೌನ್ ಐದು ಫೈನಲ್ ಆಡಿ ಐದನ್ನೂ ಗೆದ್ದಿತ್ತು. ಆರನೆಯದನ್ನು ಕಾರ್ಕ್ ಎದುರು 0-16ಕ್ಕೆ 0-15, ಒಂದೇ ಒಂದು ಪಾಯಿಂಟಿನಲ್ಲಿ ಸೋತಿತು.